ಬಯಲಲ್ಲಿ ನಿಲ್ಲುವ ಬೈಕಿಗೆ ಯಾವ ಹೊದಿಕೆ?

ಬೈಕ್ ಕವರ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಇದು ವಾಟರ್‌ಪ್ರೂಫ್ ತಾನೇ?’ ಎಂದು. ಅಂಗಡಿಯವರು ‘ನೂರಕ್ಕೆ ನೂರು ಸರ್, ಒಂದು ಹನಿ ಇಳಿಯುವುದಿಲ್ಲ’ ಎನ್ನುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿಯುತ್ತದೆ. ಆಗುಂಬೆ, ತೀರ್ಥಹಳ್ಳಿ ಕಡೆಯವರು ಹೀಗೆ ಕೇಳಿದರೆ ಅರ್ಥವಿದೆ. ದಾವಣಗೆರೆ, ಚಿತ್ರದುರ್ಗದವರು ಇದೊಂದನ್ನೇ ಕೇಳಿ ಹಣ ಎಣಿಸಿದರೆ, ಮಳೆಗಾಲ ಬರುವ ಮೊದಲೇ ಹರಿದುಹೋಗುವ ಹೊದಿಕೆ ಮನೆ ಸೇರುತ್ತದೆ.

ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಕಾಣುವ ಸೀಮೆ. ಜೂನ್, ಜುಲೈಯಲ್ಲಿ ಮೋಡ ಕಟ್ಟಿಕೊಂಡು ಗಾಳಿ ಬೀಸುತ್ತದೆ, ನಡುನಡುವೆ ತುಂತುರು. ಮಣ್ಣು ನೆನೆಯುವ ಮಳೆ ಬರುವುದು ಹೆಚ್ಚಾಗಿ ಅದರ ನಂತರ, ಅಕ್ಟೋಬರ್‌ವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಒಂದಷ್ಟು ಅಡ್ಡಮಳೆ. ಉಳಿದಂತೆ ಬಿಸಿಲು, ದೂಳು, ಗಾಳಿ. ಆದ್ದರಿಂದ ಇಲ್ಲಿ ಬಟ್ಟೆಯನ್ನು ಬಿಸಿಲಿಗೆ ತಕ್ಕಂತೆ ಆರಿಸಬೇಕು, ಅಳತೆಯನ್ನೂ ಪಟ್ಟಿಗಳನ್ನೂ ಗಾಳಿಗೆ ತಕ್ಕಂತೆ ನೋಡಬೇಕು. ನೀರಿನ ವಿಚಾರ ಮೂರನೆಯದು. ಈ ಅನುಕ್ರಮ ತಲೆಕೆಳಗಾದರೆ ಎಷ್ಟು ದುಬಾರಿ ಮಾಲು ತಂದರೂ ಸುಖವಿಲ್ಲ.

ಬಿಸಿಲು ಗಾಡಿಗೆ ಮಾಡುವ ಹಾನಿ ಒಂದೇ ದಿನದಲ್ಲಿ ಕಾಣುವುದಿಲ್ಲ. ಸೀಟಿನ ರೆಕ್ಸಿನ್ ಹೊಲಿಗೆಯ ಬಳಿ ಸೀಳುತ್ತದೆ, ಟ್ಯಾಂಕಿನ ಸ್ಟಿಕ್ಕರ್ ಅಂಚಿನಿಂದ ಏಳುತ್ತದೆ, ಮೀಟರಿನ ಮೇಲಿನ ಪ್ಲಾಸ್ಟಿಕ್ ಹಳದಿಯಾಗಿ ಮಬ್ಬಾಗುತ್ತದೆ, ಟೈರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಕಪ್ಪು ಪ್ಲಾಸ್ಟಿಕ್ ಭಾಗಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ಹೊದಿಕೆಯನ್ನು ತರುವುದೇ ಇದನ್ನು ತಡೆಯಲು. ಆದರೆ ಗಾಡಿಯ ಬದಲು ಬಿಸಿಲು ತಿನ್ನುವುದು ಈಗ ಹೊದಿಕೆಯ ಸರದಿ. ಅದು ಎಷ್ಟು ಬೇಸಿಗೆ ತಡೆಯುತ್ತದೆ ಎಂಬುದರ ಮೇಲೆ ಅದರ ನಿಜವಾದ ಬೆಲೆ ನಿಂತಿದೆ.

ರಸ್ತೆ ಬದಿಯಲ್ಲಿ ನೇತುಹಾಕಿ ಮಾರುವ, ಕೆಲವು ನೂರು ರೂಪಾಯಿಗೆ ಸಿಗುವ ತೆಳು ಹೊದಿಕೆಗಳಲ್ಲಿ ಹೆಚ್ಚಿನವು ಟಫೇಟಾ ಬಟ್ಟೆಯವು. ಚೀಲದ ಮೇಲೆ ‘190ಟಿ’ ಎಂದು ಬರೆದಿರುತ್ತದೆ. ಒಂದು ಅಂಗುಲದಲ್ಲಿ ಹಾಸು, ಹೊಕ್ಕು ಎರಡೂ ಸೇರಿ ಎಷ್ಟು ಎಳೆ ಎಂಬುದರ ಲೆಕ್ಕ ಅದು. ಕೊಡೆಗೆ ಬಳಸುವುದೂ ಇದೇ ಜಾತಿಯ ಬಟ್ಟೆಯನ್ನು. ಕೊಡೆ ಬಿಡಿಸುವುದು ಮಳೆ ಬಂದಾಗ ಮಾತ್ರ. ಬೈಕಿನ ಹೊದಿಕೆ ಹಗಲಿಡೀ ಬಿಸಿಲಿಗೆ ಬಿದ್ದಿರುತ್ತದೆ. ಇದರ ಗುಣ ಎಂದರೆ ಮಡಚಿದರೆ ಸೀಟಿನ ಕೆಳಗೆ ಹಿಡಿಯುತ್ತದೆ, ಹೊದಿಸುವುದು ಸಲೀಸು. ಅವಗುಣ ಎಂದರೆ ಬ್ರೇಕ್ ಲಿವರಿನ ತುದಿ, ಕನ್ನಡಿಯ ಅಂಚು, ನಂಬರ್ ಪ್ಲೇಟಿನ ಮೂಲೆ ತಾಗುವ ಕಡೆಗಳಲ್ಲಿ ಮೊದಲು ತೂತಾಗುತ್ತದೆ, ಆಮೇಲೆ ಆ ತೂತಿನಿಂದ ಉದ್ದಕ್ಕೆ ಸೀಳುತ್ತದೆ. ಸಂಜೆ ಹಾಕಿ ಬೆಳಗ್ಗೆ ತೆಗೆಯುವ, ಗಾಳಿ ಅಷ್ಟಾಗಿ ನುಗ್ಗದ ವಠಾರದಲ್ಲಿ ಗಾಡಿ ನಿಲ್ಲಿಸುವವರಿಗೆ ಇದು ಸಾಕು. ಬಟಾಬಯಲಿಗೆ ಅಲ್ಲ.

ಅದಕ್ಕಿಂತ ದಪ್ಪನೆಯದು ಆಕ್ಸ್‌ಫರ್ಡ್ ನೇಯ್ಗೆಯ ಪಾಲಿಯೆಸ್ಟರ್. ಇಲ್ಲಿ ಎಳೆಯ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ: 9000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 210ಡಿ, 300ಡಿ, 600ಡಿ ಎಂದು ಸಿಗುತ್ತವೆ. ಶಾಲೆಯ ಚೀಲಗಳಿಗೆ ಹಾಕುವುದು ಸಾಮಾನ್ಯವಾಗಿ ಈ 600ಡಿ ಬಟ್ಟೆಯನ್ನೇ. ಗಮನಿಸಬೇಕಾದ ಮಾತೊಂದಿದೆ: ಡೆನಿಯರ್ ಹೆಚ್ಚಾದರೆ ಹರಿಯುವುದು ಕಡಿಮೆಯಾಗುತ್ತದೆಯೇ ಹೊರತು ನೀರು ಸೋರುವುದು ಕಡಿಮೆಯಾಗುವುದಿಲ್ಲ. ನೀರು ತಡೆಯುವುದು ಎಳೆಯಲ್ಲ, ಒಳಮೈಗೆ ಬಳಿದ ಲೇಪ. ಲೇಪ ಕೆಟ್ಟರೆ 600ಡಿ ಬಟ್ಟೆಯೂ ಜರಡಿಯೇ.

ಈ ಲೇಪದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊದಿಕೆ ಸಾಯುವುದು ಇಲ್ಲಿಂದ. ಹೆಚ್ಚು ಕಡೆ ಇರುವುದು ಪಾಲಿಯುರಿಥೇನ್, ಅಂಗಡಿಯ ಭಾಷೆಯಲ್ಲಿ ಪಿಯು. ಬಟ್ಟೆ ಮೆತ್ತಗಿರುತ್ತದೆ, ಮಡಚಲು ಬರುತ್ತದೆ. ಆದರೆ ಶಾಖ ಮತ್ತು ತೇವ ಎರಡೂ ಒಟ್ಟಿಗೆ ಸಿಕ್ಕರೆ ಪಿಯು ನಿಧಾನವಾಗಿ ಕೊಳೆಯುತ್ತದೆ. ಒದ್ದೆ ಹೊದಿಕೆಯನ್ನು ಹಾಗೆಯೇ ಸುತ್ತಿ ಮಾಳಿಗೆಯ ಮೆಟ್ಟಿಲ ಕೆಳಗೆ ತುರುಕಿದವರು ಕೆಲವು ತಿಂಗಳ ನಂತರ ಬಿಡಿಸಿದರೆ ಒಳಮೈ ಅಂಟಂಟಾಗಿ, ಮೂಗು ಮುಚ್ಚಿಕೊಳ್ಳುವಂಥ ಹುಳಿ ವಾಸನೆ ಬರುತ್ತಿರುತ್ತದೆ. ಉಗುರಿನಲ್ಲಿ ಕೆರೆದರೆ ಲೇಪ ಸಿಪ್ಪೆಸಿಪ್ಪೆಯಾಗಿ ಬರುತ್ತದೆ. ಅದಕ್ಕೆ ಔಷಧಿಯಿಲ್ಲ.

ಬೆಳ್ಳಿ ಬಣ್ಣದ ಹೊದಿಕೆಗಳು ಶಾಖವನ್ನು ಹಿಂದಕ್ಕೆ ತಳ್ಳುತ್ತವೆ ಎಂಬುದು ನಿಜ. ಲೇಪದಲ್ಲಿ ಬೆರೆತಿರುವ ಅಲ್ಯೂಮಿನಿಯಂ ಪುಡಿಯ ಕೆಲಸ ಅದು. ಏಪ್ರಿಲ್ ಮಧ್ಯಾಹ್ನ ಕಪ್ಪು ಹೊದಿಕೆಯ ಕೆಳಗೂ ಬೆಳ್ಳಿ ಹೊದಿಕೆಯ ಕೆಳಗೂ ಸೀಟನ್ನು ಮುಟ್ಟಿ ನೋಡಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಆದರೆ ಆ ಬೆಳ್ಳಿ ಹೊರಮೈಯಲ್ಲಿದ್ದು ಹಗುರಾಗಿ ಬಳಿದದ್ದಾದರೆ ಬೇಗ ಉದುರುತ್ತದೆ. ಅಂಗಡಿಯಲ್ಲೇ ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಿ. ಕರವಸ್ತ್ರಕ್ಕೆ ಬೂದು ಬಣ್ಣ ಹತ್ತಿದರೆ ಆ ಮಾಲು ಬೇಡ. ಬೂದು, ತಿಳಿ ಕಂದು ಬಣ್ಣದ, ಒಳಗೆ ಪಿಯು ಇರುವ 300ಡಿ ಬಟ್ಟೆ ಕಣ್ಣಿಗೆ ಅಷ್ಟೇನೂ ಚೆಂದವಿಲ್ಲದಿದ್ದರೂ ಬಾಳಿಕೆಯಲ್ಲಿ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ನೈಲಾನ್ ಎಂದು ಬರೆದಿದ್ದರೆ ಹೊಳಪಿಗೆ ಮರುಳಾಗಬೇಡಿ. ಅದು ಪಾಲಿಯೆಸ್ಟರಿಗಿಂತ ಗಟ್ಟಿ ನಿಜ, ಆದರೆ ಬಿಸಿಲಿಗೆ ಅದಕ್ಕಿಂತ ಬೇಗ ಸೋಲುತ್ತದೆ.

ಪಿವಿಸಿ ಲೇಪದ, ಮುಟ್ಟಿದರೆ ರೆಕ್ಸಿನ್ನಿನಂತೆ ಅನ್ನಿಸುವ ಭಾರದ ಹೊದಿಕೆಗಳೂ ಇವೆ. ಇವುಗಳಲ್ಲಿ ನೀರು ಖಂಡಿತ ಇಳಿಯುವುದಿಲ್ಲ. ಗಾಳಿಯೂ ಆಡುವುದಿಲ್ಲ. ಬಿಸಿಲಿಗೆ ಬಿದ್ದು ಬಿದ್ದು ಮೆದುತನ ಕಳೆದುಕೊಂಡ ಪಿವಿಸಿ ಮಡಿಕೆಯ ಗೆರೆಯಲ್ಲೇ ಬಿರಿಯುತ್ತದೆ. ನನ್ನ ಪಟ್ಟಿಯಲ್ಲಿ ಇದು ಕೊನೆಯದು.

ಇನ್ನು ತಾಡಪಾಲು. ಮೆಕ್ಕೆಜೋಳ ಒಣಗಿಸುವ ಊರಿನವರಿಗೆ ಇದರ ಪರಿಚಯ ಮಾಡಿಕೊಡಬೇಕೇ? ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನಕ್ಕೆ ತಂದ ತಾಡಪಾಲಿನ ತುಂಡೊಂದು ಮನೆಯಲ್ಲಿದ್ದರೆ ಬೈಕಿನ ಮೇಲೆ ಎಳೆದುಬಿಡುವುದು ಸಹಜ. ನೀರಿಗೆ, ಬಿಸಿಲಿಗೆ ಒಳ್ಳೆಯ ತಾಡಪಾಲು ಚೆನ್ನಾಗಿಯೇ ತಡೆಯುತ್ತದೆ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಎಳೆಯಲ್ಲಿ ನೇಯ್ದ ತಾಡಪಾಲಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 7903 ಎಂಬ ಮಾನದಂಡವೇ ಇದೆ; ಬಿಸಿಲು ತಡೆಯುವ ಅಂಶ ಬೆರೆಸದ ಅಗ್ಗದ ನೀಲಿ ಹಾಳೆ ಮಾತ್ರ ನಾರುನಾರಾಗಿ ಗಾಳಿಗೆ ಹಾರುತ್ತದೆ. ತೊಂದರೆ ಬೇರೆಯದು. ತಾಡಪಾಲು ಒರಟು, ಬಿರುಸು. ದೂಳು ಕೂತ ಟ್ಯಾಂಕಿನ ಮೇಲೆ ಅದು ಗಾಳಿಗೆ ಇಡೀ ರಾತ್ರಿ ಆಡಿದರೆ ಬಣ್ಣದ ಮೇಲೆ ಉಪ್ಪುಕಾಗದ ಎಳೆದ ಹಾಗೆ. ಹೊಸ ಗಾಡಿಗೆ ನೇರವಾಗಿ ಹೊದಿಸಬೇಡಿ. ನಾಲ್ಕು ಕೋಲು ನಿಲ್ಲಿಸಿ ಮೇಲೆ ಚಪ್ಪರದಂತೆ ಕಟ್ಟಲು ಜಾಗವಿದ್ದರೆ ಮಾತ್ರ ಎಲ್ಲ ಹೊದಿಕೆಗಳಿಗಿಂತ ಅದೇ ಒಳ್ಳೆಯದು: ಕೆಳಗೆ ಗಾಳಿ ಆಡುತ್ತದೆ, ಗಾಡಿಗೆ ಏನೂ ತಾಗುವುದಿಲ್ಲ, ದಿನವೂ ತೆಗೆಯುವ, ಹಾಕುವ ಕೆಲಸವಿಲ್ಲ.

ಲಾರಿಗಳಿಗೆ ಹಾಕುವ ಹತ್ತಿಯ ಕ್ಯಾನ್ವಾಸ್‌ನಲ್ಲಿ ಅಳತೆಗೆ ಹೊಲಿಸಿಕೊಳ್ಳುವ ದಾರಿಯೂ ಇದೆ. ಹೆದ್ದಾರಿ 48ರ ಮೇಲಿನ ದಾವಣಗೆರೆ, ಚಿತ್ರದುರ್ಗ ಎರಡೂ ಊರುಗಳಲ್ಲಿ ಲಾರಿಯ ಕೆಲಸಕ್ಕೆ ಹೊಲಿಯುವವರು ಸಿಗುತ್ತಾರೆ, ಸೀಟ್ ಕವರ್ ಹೊಲಿಯುವವರನ್ನೂ ಕೇಳಬಹುದು. ಕ್ಯಾನ್ವಾಸ್ ಉಸಿರಾಡುತ್ತದೆ, ಬಿಸಿಲಿಗೆ ಬಗ್ಗುವುದಿಲ್ಲ, ಅದರ ಭಾರಕ್ಕೆ ಗಾಳಿ ಸುಲಭವಾಗಿ ಎತ್ತುವುದಿಲ್ಲ. ಆದರೆ ನೆನೆದರೆ ಒಬ್ಬರೇ ಎತ್ತುವುದು ಕಷ್ಟ, ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ಹಳೆಯ ಬುಲೆಟ್ಟಿಗೆ ಇದು ಹೇಳಿಮಾಡಿಸಿದ್ದು. ದಿನವೂ ಕೆಲಸಕ್ಕೆ ಹೋಗುವವರು ಇದರ ಗೋಜಿಗೆ ಹೋಗಬಾರದು.

ಈಗ ಗಾಳಿ. ಚಿತ್ರದುರ್ಗದವರಿಗೆ ಇದು ಮುಖ್ಯ ಅಧ್ಯಾಯ. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿ ಹೊದಿಕೆಯ ಕೆಳಗೆ ಒಮ್ಮೆ ನುಗ್ಗಿತೆಂದರೆ ಅದು ಉಬ್ಬಿ, ಪಟಪಟ ಬಡಿದು, ಕೊನೆಗೆ ಪಕ್ಕದ ಮನೆಯ ಮಾಳಿಗೆ ಸೇರುತ್ತದೆ. ಹೊದಿಕೆ ಹಾರಿಹೋದರೆ ಪುಣ್ಯ. ಹಾರದೆ ಗಾಡಿಯನ್ನೇ ಎಳೆದು ಕೆಡವಿದರೆ ಲಿವರ್, ಇಂಡಿಕೇಟರ್, ಕನ್ನಡಿ ಎಲ್ಲದರ ಖರ್ಚು.

ಅಂಚಿನ ಸುತ್ತ ಎಲಾಸ್ಟಿಕ್ ಇದೆ ಎಂದು ನಂಬಿ ಕೂರಬಾರದು. ಅಗ್ಗದ ಹೊದಿಕೆಯಲ್ಲಿ ಮೊದಲು ಸಡಿಲವಾಗುವುದೇ ಎಲಾಸ್ಟಿಕ್. ನೋಡಬೇಕಾದದ್ದು ಹೊಟ್ಟೆಪಟ್ಟಿಯನ್ನು: ಎಂಜಿನ್ನಿನ ಕೆಳಗಿನಿಂದ ಹಾಯ್ದು ಎರಡೂ ಬದಿಯನ್ನು ಸೇರಿಸುವ, ಬಕಲ್ ಇರುವ ಪಟ್ಟಿ. ಒಂದಿದ್ದರೆ ದಾವಣಗೆರೆಗೆ ಸಾಕು. ಚಿತ್ರದುರ್ಗಕ್ಕೆ ಎರಡು ಬೇಕು, ಒಂದು ಮುಂಚಕ್ರದ ಹಿಂದೆ, ಇನ್ನೊಂದು ಹಿಂಚಕ್ರದ ಮುಂದೆ. ಪಟ್ಟಿಯ ಬುಡವನ್ನು ಎಳೆದು ನೋಡಿ. ಒಂಟಿ ಬಟ್ಟೆಗೆ ನೇರವಾಗಿ ಹೊಲಿದಿದ್ದರೆ ಗಾಳಿಯ ದಿನ ಪಟ್ಟಿ ಕೈಗೆ ಬರುತ್ತದೆ. ಹಿಂದೆ ಇನ್ನೊಂದು ಪದರದ ತೇಪೆ ಹಾಕಿ, ಚೌಕಾಕಾರವಾಗಿ ಹೊಲಿದು ನಡುವೆ ಅಡ್ಡಗೆರೆ ಹಾಕಿದ್ದರೆ ಹೊಲಿದವನಿಗೆ ಕೆಲಸ ಗೊತ್ತು ಎಂದರ್ಥ. ಇಷ್ಟೆಲ್ಲ ಇಲ್ಲದ ಹೊದಿಕೆಯನ್ನು ಈಗಾಗಲೇ ತಂದಾಗಿದ್ದರೆ ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿಕೊಂಡು ಬನ್ನಿ. ಸೀಟಿನ ಮೇಲಿಂದ ಎಂಜಿನ್ನಿನ ಕೆಳಗೆ ಒಂದು ಸುತ್ತು ಬಿಗಿದರೆ ದುಬಾರಿ ಬಕಲ್ ಮಾಡುವ ಕೆಲಸವನ್ನೇ ಮಾಡುತ್ತದೆ.

ಗಾಡಿ ನಿಲ್ಲಿಸುವ ರೀತಿಗೂ ಹೊದಿಕೆಯಷ್ಟೇ ಬೆಲೆಯಿದೆ. ಮುಂಚಕ್ರ ಪಡುವಣಕ್ಕೆ ಮುಖ ಮಾಡಿದ್ದರೆ ಗಾಳಿ ಎರಡು ಬದಿಗೆ ಸೀಳಿಹೋಗುತ್ತದೆ. ಅಡ್ಡ ನಿಲ್ಲಿಸಿದರೆ ಪೂರ್ತಿ ಬಟ್ಟೆ ಹಾಯಿಯಾಗುತ್ತದೆ. ಸೆಂಟರ್ ಸ್ಟ್ಯಾಂಡ್ ಇದ್ದರೆ ಅದನ್ನೇ ಹಾಕಿ. ಸೈಡ್ ಸ್ಟ್ಯಾಂಡೇ ಗತಿಯಾದರೆ ಗೇರಿನಲ್ಲಿಟ್ಟು, ಹ್ಯಾಂಡಲ್ ಲಾಕ್ ಮಾಡಿ, ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲಿಡಿ. ಮಳೆಗೆ ನೆಲ ಮೆತ್ತಗಾದಾಗ ಬೀಳುವ ಗಾಡಿಗಳಿಗೆ ಆ ಕಲ್ಲೊಂದು ಇಲ್ಲದ್ದೇ ಕಾರಣವಾಗಿರುತ್ತದೆ.

ಅಳತೆಯಲ್ಲಿ ‘ಎಲ್ಲ ಬೈಕಿಗೂ ಆಗುತ್ತದೆ’ ಎಂಬ ಮಾತಿಗೆ ಕಿವಿಗೊಡಬೇಡಿ. ಸ್ಪ್ಲೆಂಡರ್ ಪ್ಲಸ್ ಎರಡು ಮೀಟರ್ ಉದ್ದ. ಕ್ಲಾಸಿಕ್ 350 ಅದಕ್ಕಿಂತ ಸುಮಾರು 15 ಸೆಂಟಿಮೀಟರ್ ಹೆಚ್ಚು. ಆ್ಯಕ್ಟಿವಾ 6ಜಿ ಉದ್ದದಲ್ಲಿ 1.83 ಮೀಟರ್ ಮಾತ್ರ, ಆದರೆ ಎತ್ತರದಲ್ಲಿ ಸ್ಪ್ಲೆಂಡರಿಗಿಂತ 10 ಸೆಂಟಿಮೀಟರ್ ಮೇಲು. ಸ್ಪ್ಲೆಂಡರಿಗೆ ಸರಿಹೋಗುವುದನ್ನು ಆ್ಯಕ್ಟಿವಾಕ್ಕೆ ಹಾಕಿದರೆ ಹಿಂದೆ ಜೋತು ಬಿದ್ದು, ಮುಂದೆ ಕನ್ನಡಿಯ ಬಳಿ ಎಳೆದು ನಿಲ್ಲುತ್ತದೆ. ಸೀರೆ ಗಾರ್ಡು, ಕ್ರ್ಯಾಶ್ ಗಾರ್ಡು, ಹಿಂದಿನ ಡಬ್ಬ ಇದ್ದರೆ ಲೆಕ್ಕವೇ ಬೇರೆ. ಒಂದು ದಾರ ತೆಗೆದುಕೊಂಡು ಮುಂಚಕ್ರದ ಅಚ್ಚಿನ ಮಟ್ಟದಿಂದ ಹ್ಯಾಂಡಲ್ ಮೇಲೆ ಹಾಯಿಸಿ, ಸೀಟಿನ ಮೇಲಿಂದ ಹಿಂಚಕ್ರದ ಅಚ್ಚಿನವರೆಗೆ ಅಳೆಯಿರಿ. ಇನ್ನೊಂದು ದಾರವನ್ನು ಒಂದು ಕನ್ನಡಿಯ ಹೊರತುದಿಯಿಂದ ಇನ್ನೊಂದರ ಹೊರತುದಿಗೆ. ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಕೆಳಅಂಚು ನೆಲದಿಂದ ಒಂದು ಗೇಣು ಮೇಲಿದ್ದರೆ ಸಾಕು. ನೆಲಕ್ಕೆ ಮುಟ್ಟುವಷ್ಟು ಉದ್ದವಾದರೆ ಒಳಗೆ ಸೆಕೆ ಕಟ್ಟುತ್ತದೆ, ಬೀದಿನಾಯಿಗೆ ಎಳೆಯಲು ಅನುಕೂಲವೂ ಆಗುತ್ತದೆ.

ನೀರಿನ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬಹುದು. ಬಟ್ಟೆಯ ಒಂದು ಭಾಗವನ್ನು ಬೊಗಸೆಯಂತೆ ತಗ್ಗಾಗಿ ಹಿಡಿದು ‘ಒಂದು ಲೋಟ ನೀರು ಕೊಡಿ ಅಣ್ಣಾ’ ಎನ್ನಿ. ‘ಹೊಸ ಮಾಲಿಗೆ ನೀರು ಹಾಕುತ್ತೀರಾ?’ ಎಂದು ಅವರು ಹುಬ್ಬೇರಿಸಿದರೆ, ‘ವಾಟರ್‌ಪ್ರೂಫ್ ಅಂದಿರಲ್ಲ’ ಎಂದರಾಯಿತು. ಐದು ನಿಮಿಷ ಬಿಟ್ಟು ಕೆಳಗೆ ಕೈಯಾಡಿಸಿ. ಆದರೆ ಪರೀಕ್ಷೆ ನಡೆಯಬೇಕಾದದ್ದು ಬಯಲು ಬಟ್ಟೆಯ ಮೇಲಲ್ಲ, ನಡುವಿನ ಹೊಲಿಗೆಯ ಮೇಲೆ. ಸೂಜಿ ಇಳಿದ ಕಡೆಯೆಲ್ಲ ತೂತು. ಒಳಗಿನಿಂದ ಹೊಲಿಗೆಯ ಉದ್ದಕ್ಕೂ ಬಿಸಿಯಲ್ಲಿ ಅಂಟಿಸಿದ ಪಟ್ಟಿ ಇದ್ದರೆ ಮಾತ್ರ ನೀರು ನಿಲ್ಲುತ್ತದೆ. ಕೆಲವು ಒಳ್ಳೆಯ ಹೊದಿಕೆಗಳ ಮೇಲೆ, ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂಬುದನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ನಮ್ಮ ಊರಿಗೆ 2000 ಧಾರಾಳ. ಹೆಚ್ಚಿನದಕ್ಕೆ ಹಣ ಕೊಡುವ ಬದಲು ಅದೇ ಹಣದಲ್ಲಿ ಗಾಳಿಕಿಂಡಿ ಇರುವುದನ್ನು ಹುಡುಕಿ.

ಗಾಳಿಕಿಂಡಿ ಏಕೆಂದರೆ, ಗಾಡಿಗೆ ತುಕ್ಕು ಹಿಡಿಸುವುದು ಮೇಲಿನಿಂದ ಬೀಳುವ ಮಳೆಗಿಂತ ಕೆಳಗಿನಿಂದ ಏಳುವ ಆವಿ. ರಾತ್ರಿ ಮಳೆಯಾಗಿ ನೆಲ ನೆನೆದಿದೆ, ಬೆಳಗ್ಗೆ ಒಂಬತ್ತಕ್ಕೆ ಬಿಸಿಲು ಚುರುಗುಟ್ಟುತ್ತದೆ. ಹೊದಿಕೆಯೊಳಗೆ ಆವಿ ಎದ್ದು, ಹೊರಹೋಗಲು ದಾರಿಯಿಲ್ಲದೆ ಚೈನಿನ ಮೇಲೆ, ಚಕ್ರದ ಕಡ್ಡಿಗಳ ಮೇಲೆ, ನಟ್ಟು ಬೋಲ್ಟುಗಳ ಸಂದಿಯಲ್ಲಿ ಹನಿಯಾಗಿ ಕೂರುತ್ತದೆ. ಕನ್ನಡಿಯ ಕೆಳಗೆ, ಎರಡೂ ಪಕ್ಕದಲ್ಲಿ, ಮೇಲೆ ಮುಚ್ಚಳದಂತೆ ಬಟ್ಟೆ ಬಾಗಿರುವ ಜಾಲರಿ ಕಿಂಡಿಗಳಿದ್ದರೆ ಈ ಕಾಟ ಅರ್ಧಕ್ಕರ್ಧ ಕಡಿಮೆ. ಕಿಂಡಿ ಇಲ್ಲದ ಹೊದಿಕೆಯಾದರೆ ಮಳೆಯ ಮರುದಿನ ಬೆಳಗ್ಗೆ ತೆಗೆದು ಗಾಡಿಗೆ ಗಾಳಿ ಆಡಿಸಿ, ಹೊದಿಕೆಯನ್ನು ಕಾಂಪೌಂಡಿನ ಮೇಲೆ ಹರವಿ.

ಸೈಲೆನ್ಸರ್ ಬಿಸಿ ಇರುವಾಗ ಯಾವುದನ್ನೂ ಹೊದಿಸಬಾರದು. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಆದರೆ ಅದರ ಲೇಪ ಬಹಳ ಮೊದಲೇ ಮೆತ್ತಗಾಗಿ ಕೊಳವೆಗೆ ಅಂಟುತ್ತದೆ. ಮನೆಗೆ ಬಂದು ಕೈಕಾಲು ತೊಳೆದು, ಕಾಫಿ ಕುಡಿದು, ಅರ್ಧ ಗಂಟೆ ಬಿಟ್ಟು ಹೊರಬಂದು ಹೊದಿಸಿ. ಬಲಬದಿಯ ಒಳಗೆ ಶಾಖ ತಡೆಯುವ ಅಲ್ಯೂಮಿನಿಯಂ ತೇಪೆ ಇರುವವು ಸಿಗುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದು ಕಾಯಲು ತಾಳ್ಮೆ ಇಲ್ಲದವರು ಅದಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು. ಬ್ಯಾಟರಿ ಸ್ಕೂಟರಿಗೆ ಸೈಲೆನ್ಸರಿನ ಚಿಂತೆಯಿಲ್ಲ, ಚಾರ್ಜಿಗೆ ಹಾಕಿದಾಗ ಮಾತ್ರ ಹೊದಿಕೆ ತೆಗೆದಿಡಿ.

ಊರೂರಿಗೆ ಬೇರೆ ಬೇರೆ ಸಣ್ಣ ಕಾಟಗಳಿವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಮುತ್ತ ಕಪ್ಪು ಮಸಿ ಉದುರುತ್ತದೆ. ಅದನ್ನು ಒರೆಸಲು ಹೋದರೆ ಬಳಿದುಕೊಳ್ಳುತ್ತದೆ, ಕೊಡವಿ ಆಮೇಲೆ ನೀರು ಹೊಡೆಯಬೇಕು. ಅಲ್ಲಿ ತಿಳಿ ಬಣ್ಣದ ಹೊದಿಕೆ ತಂದವರು ಅದರ ಬಣ್ಣದ ಮೇಲಿನ ಆಸೆ ಬಿಡುವುದು ಒಳ್ಳೆಯದು. ಚಿತ್ರದುರ್ಗದ ಕೋಟೆಯ ಬುಡದ ಬೀದಿಗಳಲ್ಲಿ ಕೋತಿಗಳಿಗೆ ಜೋತಾಡುವ ಪಟ್ಟಿ ಕಂಡರೆ ಆಟ. ತುದಿಗಳನ್ನು ಒಳಗೆ ಸಿಕ್ಕಿಸಿ. ಎರಡೂ ಊರಿನಲ್ಲಿ ಇಲಿಗಳಿವೆ. ವಾರಗಟ್ಟಲೆ ತೆಗೆಯದ ಹೊದಿಕೆಯ ಕೆಳಗೆ ಅವು ಬೆಚ್ಚಗೆ ಕೂತು ವೈರು ಕಡಿಯುತ್ತವೆ. ಬೀಗದ ಕಿಂಡಿಯಲ್ಲಿ ಕುಂಬಾರ ಹುಳು ಮಣ್ಣು ತುಂಬುವುದೂ ಉಂಟು.

ದಿನಕ್ಕೆ ನಾಲ್ಕಾರು ಸಲ ಗಾಡಿ ತೆಗೆಯುವ ಹಾಲಿನವರು, ಔಷಧಿ ಅಂಗಡಿಯ ಹುಡುಗರು, ಮಾರಾಟ ಪ್ರತಿನಿಧಿಗಳು ಪೂರ್ತಿ ಹೊದಿಕೆಯನ್ನು ಕೊಳ್ಳುವುದೇ ಬೇಡ ಎನ್ನುತ್ತೇನೆ. ಎರಡನೆಯ ವಾರಕ್ಕೆ ಅದು ಮೂಲೆ ಸೇರುತ್ತದೆ. ಅವರಿಗೆ ಹ್ಯಾಂಡಲಿನಿಂದ ಸೀಟಿನ ಕೊನೆಯವರೆಗೆ ಬರುವ ಅರ್ಧ ಹೊದಿಕೆ ಸಾಕು. ಚಕ್ರಗಳು ನೆನೆಯುತ್ತವೆ, ನೆನೆಯಲಿ; ಮೀಟರ್, ಟ್ಯಾಂಕ್, ಸೀಟ್ ಉಳಿದರೆ ಮುಕ್ಕಾಲು ಪಾಲು ಉಳಿದಂತೆ. ರಾತ್ರಿ ಮಾತ್ರ ಹೊರಗಿಟ್ಟು ಹಗಲು ಕಚೇರಿಯ ನೆರಳಲ್ಲಿ ನಿಲ್ಲಿಸುವವರಿಗೆ ಟಫೇಟಾವೇ ಸರಿ. ಹಗಲೂ ರಾತ್ರಿ ಬಯಲಲ್ಲೇ ನಿಲ್ಲುವ ಗಾಡಿಗೆ ದಾವಣಗೆರೆಯಲ್ಲಿ ಕಿಂಡಿ ಮತ್ತು ಒಂದು ಹೊಟ್ಟೆಪಟ್ಟಿಯಿರುವ 300ಡಿ, ಚಿತ್ರದುರ್ಗದಲ್ಲಿ ಎರಡು ಪಟ್ಟಿಯ 300ಡಿ. 600ಡಿ ತೆಗೆದುಕೊಳ್ಳುವವರು ಮೊದಲು ಒಮ್ಮೆ ಎತ್ತಿ ನೋಡಲಿ; ಮನೆಯಲ್ಲಿ ವಯಸ್ಸಾದ ಅಪ್ಪನೋ, ಸ್ಕೂಟರ್ ಓಡಿಸುವ ಅಕ್ಕನೋ ದಿನವೂ ಅದನ್ನು ಎಳೆದಾಡಬೇಕಾದರೆ ಆ ಭಾರ ತಲೆನೋವು.

ತಂದ ಮೇಲೆ ಮಾಡಬೇಕಾದದ್ದು ಹೆಚ್ಚಿಲ್ಲ. ಹೊದಿಸುವ ಮೊದಲು ಟ್ಯಾಂಕಿನ ಮೇಲಿನ ದೂಳನ್ನು ಮೆತ್ತನೆಯ ಬಟ್ಟೆಯಲ್ಲಿ ಕೊಡವಿ. ಹೊದಿಕೆ ಎಷ್ಟೇ ನುಣುಪಾಗಿದ್ದರೂ ನಡುವೆ ಮರಳಿದ್ದರೆ ಗೀರು ತಪ್ಪದು. ತೆಗೆಯುವಾಗ ಹಿಂದಿನಿಂದ ಮುಂದಕ್ಕೆ ಸುತ್ತಿಕೊಂಡು ಬನ್ನಿ, ದೂಳಿನ ಹೊರಮೈ ಒಳಮೈಗೆ ತಾಗದಂತೆ. ಸುರುಳಿಯ ಕೊನೆ ಹ್ಯಾಂಡಲಿನ ಬಳಿ ಇರುತ್ತದೆ, ಸಂಜೆ ಅಲ್ಲಿಂದಲೇ ಮತ್ತೆ ಬಿಡಿಸುತ್ತಾ ಹೋದರಾಯಿತು. ವಾಷಿಂಗ್ ಮಷಿನ್ನಿಗೆ, ಬ್ರಷ್ಷಿಗೆ, ಬಟ್ಟೆ ಸೋಪಿನ ಪುಡಿಗೆ ಇದನ್ನು ಕೊಡಬೇಡಿ. ಪೈಪಿನಲ್ಲಿ ನೀರು ಹೊಡೆದು, ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದೆ ಎಂದು ಹೊಲಿಗೆಯ ಸಂದಿಯನ್ನು ಮುಟ್ಟಿ ನೋಡಿಯೇ ಮಡಚಿಡಿ.